ಹೊಲದ ಬದುವಿನಿಂದ ಹೆದ್ದಾರಿಯವರೆಗೆ: ಕೃಷಿ ಸರಕಿನ ಲಾರಿಗೆ ಗೇರ್ ಬಾಕ್ಸ್ ಆರಿಸುವ ಕ್ರಮ

ಕೋಲಾರ ಜಿಲ್ಲೆಯಲ್ಲಿ ಲಾರಿ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಂಜಿನ್ನಿನ ಎಚ್‌ಪಿ ಎಷ್ಟೆಂದು; ಆಮೇಲೆ ಮೈಲೇಜ್, ಅದಾದ ಮೇಲೆ ಸಾಲದ ಕಂತು. ಗೇರ್ ಬಾಕ್ಸ್ ವಿಚಾರ ಬಂದರೂ ಅದು ಆರು ಗೇರಿನದೋ ಒಂಬತ್ತು ಗೇರಿನದೋ ಎಂಬಲ್ಲಿಗೆ ಮುಗಿದುಹೋಗುತ್ತದೆ. ಆದರೆ ಟೊಮೆಟೊ, ಮಾವು, ಆಲೂಗಡ್ಡೆ, ಕೊಟ್ಟಿಗೆ ಗೊಬ್ಬರ, ಕೆರೆಯ ಗೋಡು ಸಾಗಿಸುವ ಲಾರಿ ಬರೀ ಹೆದ್ದಾರಿಯ ಲಾರಿಯಲ್ಲ. ಬೆಳಿಗ್ಗೆ ಅದು ಉತ್ತ ಹೊಲದ ಬದುವಿನ ಪಕ್ಕದಿಂದ ಪೂರ್ತಿ ತೂಕ ಹೊತ್ತು ಮೇಲೇಳಬೇಕು. ರಾತ್ರಿ ಅದೇ ಲಾರಿ ಚೆನ್ನೈ ಕಡೆಗೆ ನೂರಾರು ಕಿಲೋಮೀಟರ್ ಡೀಸೆಲ್ ಪೋಲು ಮಾಡದೆ ಓಡಬೇಕು. ಮೊದಲನೆಯ ಕೆಲಸಕ್ಕೆ ಬೇಕಾದದ್ದು ಎರಡನೆಯದಕ್ಕೆ ಒಗ್ಗುವುದಿಲ್ಲ. ಇವೆರಡನ್ನೂ ಒಂದೇ ಲಾರಿಯಲ್ಲಿ ಹೊಂದಿಸುವುದು ಎಂಜಿನ್ನಲ್ಲ. ಗೇರ್ ಬಾಕ್ಸ್ ಮತ್ತು ಅದರ ಹಿಂದಿರುವ ಹೌಸಿಂಗ್, ಅಂದರೆ ಕ್ರೌನ್ ಪಿನಿಯನ್ ಕೂತಿರುವ ಹಿಂದಿನ ಆಕ್ಸಲ್. ಹಾಗಾಗಿ ಆಯ್ಕೆಯನ್ನು ಶೋರೂಮಿನ ಪಟ್ಟಿಯಿಂದಲ್ಲ, ನಿಮ್ಮ ಲಾರಿ ತುಂಬುವ ಜಾಗಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದರಿಂದ ಆರಂಭಿಸಬೇಕು.

ಮೊದಲ ಹೆಜ್ಜೆ: ತೂಕವನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುವುದು

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಲೆಕ್ಕ ನಡೆಯುವುದು 15 ಕಿಲೋ ಬಾಕ್ಸಿನಲ್ಲಿ. 700 ಬಾಕ್ಸ್ ಹೇರಿದರೆ ಹಣ್ಣೇ ಹತ್ತೂವರೆ ಟನ್ ಆಯಿತು. ಅದರ ಮೇಲೆ ಖಾಲಿ ಬಾಕ್ಸ್‌ಗಳ ತೂಕ, ಟಾರ್ಪಾಲು, ಹಗ್ಗ, ಲಾರಿಯದೇ ತೂಕ, ಜೊತೆಗೆ ಬರುವ ಜನರ ತೂಕ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿದ ಮೇಲೆ ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೂ, ಹತ್ತು ಚಕ್ರದ್ದು 25ರಿಂದ 28.5 ಟನ್ನಿಗೂ ಹೋಯಿತು. ಆದರೆ ನಿಮ್ಮ ಲಾರಿಗೆ ಅನ್ವಯಿಸುವುದು ಅದರ ಆರ್‌ಸಿಯಲ್ಲಿ ಬರೆದ ಅಂಕಿ ಮಾತ್ರ; ಹಳೆಯ ಲಾರಿಗೆ ಹೊಸ ಮಿತಿ ತಾನಾಗಿ ಬಂದುಬಿಡುತ್ತದೆ ಎಂದು ಭಾವಿಸಬಾರದು.

ಮಿತಿ ಮೀರಿ ಹೇರುವ ಅಭ್ಯಾಸವಿದ್ದರೆ ದೊಡ್ಡ ಗೇರ್ ಬಾಕ್ಸ್ ಹಾಕಿ ಅದನ್ನು ಸರಿದೂಗಿಸುತ್ತೇನೆ ಎಂಬ ಯೋಚನೆಯನ್ನು ದಯವಿಟ್ಟು ಬಿಡಿ. ಬ್ರೇಕು, ಸ್ಪ್ರಿಂಗ್, ಟೈರು ಮೊದಲಿನವೇ ಇರುತ್ತವೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಹೆಚ್ಚುವರಿ ತೂಕಕ್ಕೆ 20,000 ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ, ಅದರ ಜೊತೆಗೆ ಹೆಚ್ಚಿನ ಸರಕನ್ನು ಅಲ್ಲೇ ಇಳಿಸುವ ಖರ್ಚು. ಟೊಮೆಟೊ ಲೋಡಿಗೆ ದಂಡಕ್ಕಿಂತ ಆ ಕಾಯುವಿಕೆಯೇ ದೊಡ್ಡ ನಷ್ಟ.

ಎರಡನೆಯ ಹೆಜ್ಜೆ: ತುಂಬುವ ಜಾಗವನ್ನು ನೋಡಿ ಬರುವುದು

ನಿಮ್ಮ ಲಾರಿ ವರ್ಷದಲ್ಲಿ ಎಲ್ಲೆಲ್ಲಿ ತುಂಬುತ್ತದೆ ಎಂಬುದನ್ನು ನೆನಪಿಸಿಕೊಂಡು, ಅವುಗಳಲ್ಲಿ ಕಷ್ಟದ ಜಾಗಗಳಿಗೆ ಒಮ್ಮೆ ನಡೆದು ಹೋಗಿ ನೋಡಬೇಕು. ತೋಟದಿಂದ ಊರ ರಸ್ತೆಗೆ ಹತ್ತುವ ಮಣ್ಣಿನ ಏರು, ಕೆರೆ ಏರಿಗೆ ಅಡ್ಡಲಾಗಿ ಏರುವ ದಾರಿ, ಗೋಡು ತೆಗೆಯುವ ಕೆರೆಯಂಗಳ, ಡ್ರಿಪ್ ಪೈಪು ಒಡೆದು ನೆನೆದ ಬದು, ಇವೇ ಗೇರ್ ಬಾಕ್ಸಿನ ನಿಜವಾದ ಪರೀಕ್ಷೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯಿಂದ 2018ರ ನಂತರ ನೀರು ಬಂದ ಕೆರೆಗಳ ಕೆಳಗಿನ ಜಮೀನಿಗೆ ಹೋಗುವವರು ಬೇಸಿಗೆಯಲ್ಲೂ ನೆಲ ತೇವವಿರಬಹುದೆಂದು ಎಣಿಸಿಕೊಂಡೇ ಲೆಕ್ಕ ಹಾಕುವುದು ಒಳ್ಳೆಯದು.

ಏರಿನ ಪ್ರಮಾಣ ತಿಳಿಯಲು ಯಂತ್ರವೇನೂ ಬೇಡ. ನೇರವಾದ ಹತ್ತು ಅಡಿಯ ಕೊಳವೆಯೊಂದನ್ನು ಏರಿನ ಮೇಲ್ತುದಿಯ ಕಡೆ ನೆಲಕ್ಕೆ ತಾಗಿಸಿ, ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿ, ಕೆಳತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಒಂದು ಅಡಿ ಬಂದರೆ ಏರು ಶೇ. 10.

ಮೂರನೆಯ ಹೆಜ್ಜೆ: ಒಂದನೇ ಗೇರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಇಡೀ ಆಯ್ಕೆ ನಿಂತಿರುವುದು ಈ ಲೆಕ್ಕದ ಮೇಲೆ. ಗೇರ್ ಬಾಕ್ಸಿನ ಒಂದನೇ ಗೇರಿಗೆ ಒಂದು ಅನುಪಾತವಿರುತ್ತದೆ, ಹೌಸಿಂಗಿಗೆ ಇನ್ನೊಂದು. ಎರಡನ್ನೂ ಗುಣಿಸಿದಾಗ ಬರುವ ಅಂಕಿಯಷ್ಟು ಪಟ್ಟು ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಹಿಂದಿನ ಚಕ್ರಕ್ಕೆ ಹೋಗುತ್ತದೆ. ಗೇರ್ ಬಾಕ್ಸ್ ಒಂದನ್ನೇ ನೋಡಿ ತೀರ್ಮಾನಿಸುವುದು ಅರ್ಧ ಲೆಕ್ಕ ಮಾತ್ರ.

ಉದಾಹರಣೆಗೆ 18.5 ಟನ್ನಿನ ಲಾರಿ, 600 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್, ಅರ್ಧ ಮೀಟರ್ ತ್ರಿಜ್ಯದ ಟೈರು ಎಂದಿಟ್ಟುಕೊಳ್ಳೋಣ. ಮೊದಲನೆಯ ಲಾರಿಗೆ ಆರು ಗೇರು, ಒಂದನೇ ಗೇರು 7, ಹೌಸಿಂಗ್ 5.5, ಗುಣಿಸಿದರೆ 38.5. ಎರಡನೆಯದಕ್ಕೆ ಒಂಬತ್ತು ಗೇರು, ಎಲ್ಲಕ್ಕಿಂತ ಕೆಳಗಿನ ಕ್ರಾಲರ್ ಗೇರು 12, ಹೌಸಿಂಗ್ 4.1, ಗುಣಿಸಿದರೆ 49.2. ಗೇರು, ಜಾಯಿಂಟು, ಬೇರಿಂಗುಗಳಲ್ಲಿ ಕಳೆದುಹೋಗುವ ಶೇ. 15ನ್ನು ತೆಗೆದರೆ ಮೊದಲನೆಯ ಲಾರಿಯ ಎಳೆತ ತನ್ನ ಒಟ್ಟು ತೂಕದ ಶೇ. 21ರಷ್ಟು, ಎರಡನೆಯದರದು ಶೇ. 27ರಷ್ಟು ಆಗುತ್ತದೆ. ಕಾಗದದ ಮೇಲೆ ಎರಡೂ ಸಾಕಷ್ಟಿವೆ.

ಆದರೆ ನಿಂತ ಲಾರಿಯ ಕ್ಲಚ್ ಬಿಡುವ ಹೊತ್ತಿಗೆ ಎಂಜಿನ್ ಐಡಲಿಂಗಿಗಿಂತ ಸ್ವಲ್ಪ ಮೇಲೆ ಮಾತ್ರ ತಿರುಗುತ್ತಿರುತ್ತದೆ. ಗರಿಷ್ಠ ಟಾರ್ಕ್ ಆಗ ಕೈಗೆ ಸಿಗುವುದಿಲ್ಲ. ಅರ್ಧ ಸಿಗುತ್ತದೆ ಎಂದು ಇಟ್ಟುಕೊಳ್ಳುವುದೇ ಕ್ಷೇಮ. ಆಗ ಮೊದಲನೆಯದಕ್ಕೆ ಶೇ. 11ಕ್ಕಿಂತ ಕಡಿಮೆ, ಎರಡನೆಯದಕ್ಕೆ ಸುಮಾರು ಶೇ. 14. ಇದರಲ್ಲಿ ನೆಲ ತನ್ನ ಪಾಲನ್ನು ಮೊದಲು ಕಿತ್ತುಕೊಳ್ಳುತ್ತದೆ: ಒಳ್ಳೆಯ ಟಾರು ರಸ್ತೆಯಲ್ಲಿ ಬರೀ ಉರುಳಲು ತೂಕದ ಶೇ. 1 ಸಾಕು, ಗಟ್ಟಿ ಮಣ್ಣಿನ ದಾರಿಗೆ ಶೇ. 2ರಿಂದ 4 ಬೇಕು, ಉತ್ತು ನೆನೆದ ನೆಲದಲ್ಲಿ ಶೇ. 10 ಅಥವಾ ಅದಕ್ಕೂ ಹೆಚ್ಚು. ನೆನೆದ ಹೊಲದಲ್ಲಿ ಮೊದಲನೆಯ ಲಾರಿಗೆ ಸಮತಟ್ಟಿನಲ್ಲಿ ಹೊರಡುವುದೇ ಪ್ರಯಾಸ. ಎರಡನೆಯದಕ್ಕೆ ಶೇ. 3ರಿಂದ 4ರ ಏರೂ ಆದೀತು.

ಈ ಕೊರತೆಯನ್ನು ಡ್ರೈವರ್ ತುಂಬಿಸುವುದು ಕ್ಲಚ್ ಪ್ಲೇಟನ್ನು ಸವೆಸಿ. ತುಂಬಿದ ಲಾರಿ ಹೊಲದಂಚಿನಿಂದ ಹೊರಡುವಾಗ ಪಕ್ಕದಲ್ಲಿ ನಿಂತು ಗಮನಿಸಿ. ಆಕ್ಸಿಲರೇಟರ್ ತುಳಿದ ಸದ್ದು ಏರುತ್ತದೆ, ಕ್ಯಾಬಿನ್ ಒಂದು ಪಕ್ಕಕ್ಕೆ ವಾಲುತ್ತದೆ, ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನಲ್ಲಿ ಒಂದು ‘ಟಕ್’ ಕೇಳುತ್ತದೆ, ಚಕ್ರ ಮಾತ್ರ ಇನ್ನೂ ಅಲುಗಿರುವುದಿಲ್ಲ. ಆ ಎರಡು ಮೂರು ಸೆಕೆಂಡಿನಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಬರುವುದು ಡ್ರೈವರಿನ ತಪ್ಪಿನಿಂದಲೇ ಎಂದು ಮಾಲೀಕರು ಬೈಯುವುದನ್ನು ಕಂಡಾಗ ಬೇಸರವಾಗುತ್ತದೆ. ಎಷ್ಟೋ ಸಲ ತಪ್ಪು ಒಂದನೇ ಗೇರಿನದು, ಅದನ್ನು ಆರಿಸಿದವರದು.

ಕ್ರಾಲರ್ ಗೇರಿಗೆ ಇನ್ನೊಂದು ಉಪಯೋಗವಿದೆ. ಕೂಲಿಯವರು ಸಾಲಿನುದ್ದಕ್ಕೆ ಇಟ್ಟ ಬಾಕ್ಸ್‌ಗಳನ್ನು ಎತ್ತಿ ಹಾಕುತ್ತಿರುವಾಗ ಲಾರಿ ಅವರ ಜೊತೆ ತೆವಳಬೇಕಾಗುತ್ತದೆ. ಎಂಜಿನ್ ನಿಮಿಷಕ್ಕೆ 700 ಸುತ್ತು (ಆರ್‌ಪಿಎಂ) ತಿರುಗುವಾಗ ಮೊದಲನೆಯ ಲಾರಿ ಗಂಟೆಗೆ 3.4 ಕಿ.ಮೀ., ಎರಡನೆಯದು 2.7 ಕಿ.ಮೀ. ಹೋಗುತ್ತದೆ. ಬಾಕ್ಸ್ ಹಿಡಿದವನ ಕಾಲಿಗೆ ಈ ಅಂತರ ಚೆನ್ನಾಗಿ ತಿಳಿಯುತ್ತದೆ. ಕ್ಲಚ್ ಮೇಲೆ ಕಾಲಿಡದೆ ಆ ವೇಗದಲ್ಲಿ ಹೋಗುವ ಲಾರಿ ಕ್ಲಚ್ಚನ್ನೂ ಉಳಿಸುತ್ತದೆ, ಹಿಂದೆ ನಡೆಯುವ ಜನರ ಸುರಕ್ಷೆಗೂ ಒಳ್ಳೆಯದು.

ಒಂದು ಮಿತಿಯನ್ನು ಮರೆಯಬಾರದು. ಹಿಂದಿನ ಆಕ್ಸಲ್ ಮೇಲೆ ಸುಮಾರು 11 ಟನ್ ಕೂತಿದ್ದು, ಕೆಸರಿನಲ್ಲಿ ಟೈರಿನ ಹಿಡಿತ ಆ ತೂಕದ ಶೇ. 30ರಷ್ಟೇ ಇದ್ದರೆ, ಲಾರಿಯ ಒಟ್ಟು ತೂಕದ ಶೇ. 18ಕ್ಕಿಂತ ಹೆಚ್ಚಿನ ಎಳೆತವನ್ನು ನೆಲ ಒಪ್ಪಿಕೊಳ್ಳುವುದೇ ಇಲ್ಲ. ಚಕ್ರ ಸುಮ್ಮನೆ ತಿರುಗುತ್ತದೆ. ಅಲ್ಲಿಂದ ಮೇಲೆ ಬೇಕಾದದ್ದು ಗೇರಲ್ಲ, ಎರಡೂ ಪಕ್ಕದ ಹಿಂದಿನ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟುವ ಡಿಫರೆನ್ಷಿಯಲ್ ಲಾಕ್ ಮತ್ತು ಸವೆಯದ, ದಪ್ಪ ಗಟ್ಟಿಗಳ ಲಗ್ ಟೈರು. ಗೋಡು, ಜಲ್ಲಿ, ಗೊಬ್ಬರದ ಕೆಲಸವೇ ಹೆಚ್ಚಿರುವವರು ಡಿಫರೆನ್ಷಿಯಲ್ ಲಾಕ್ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಮೇಲಿನ ಗೇರು

ಸರಕು ಲಾರಿಗಳ ವೇಗ ನಿಯಂತ್ರಕ ಗಂಟೆಗೆ 80 ಕಿ.ಮೀ.ಗೆ ಕಟ್ಟಿಹಾಕುವುದರಿಂದ ಅದಕ್ಕಿಂತ ಮೇಲಿನ ವೇಗಕ್ಕಾಗಿ ಗೇರು ಹುಡುಕುವುದು ವ್ಯರ್ಥ. ನೋಡಬೇಕಾದದ್ದು 60ರಿಂದ 70 ಕಿ.ಮೀ. ವೇಗದಲ್ಲಿ ಎಂಜಿನ್ ಎಷ್ಟು ತಿರುಗುತ್ತದೆ ಎಂಬುದನ್ನು. ಹೌಸಿಂಗ್ 5.5 ಇದ್ದು ಮೇಲಿನ ಗೇರಿನ ಅನುಪಾತ 1 ಆಗಿದ್ದರೆ 1500 ಆರ್‌ಪಿಎಂನಲ್ಲಿ ಲಾರಿ ಹೋಗುವುದು 51 ಕಿ.ಮೀ. ಮಾತ್ರ, ಮುಳಬಾಗಿಲು ದಾಟಿದ ಮೇಲೆ ಎಂಜಿನ್ ದಾರಿಯುದ್ದಕ್ಕೂ ಅರಚುತ್ತಲೇ ಇರುತ್ತದೆ. ಅದೇ ಹೌಸಿಂಗಿಗೆ 0.75ರ ಓವರ್‌ಡ್ರೈವ್ ಗೇರಿದ್ದರೆ (ಅನುಪಾತ 1ಕ್ಕಿಂತ ಕಡಿಮೆಯಿರುವ ಗೇರು) 68 ಕಿ.ಮೀ. ಆಗುತ್ತದೆ. 4.1ರ ಹೌಸಿಂಗ್ ಮತ್ತು 1ರ ಮೇಲಿನ ಗೇರು ಇರುವ ನಮ್ಮ ಎರಡನೆಯ ಲಾರಿಯೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿರುತ್ತದೆ. ಹೆದ್ದಾರಿಯಲ್ಲಿ ಎರಡೂ ಸಮ, ಹೊಲದಲ್ಲಿ ಎರಡನೆಯದು ಮುಂದು: ಒಂಬತ್ತು ಗೇರಿನ ಬಾಕ್ಸಿಗೆ ಹೆಚ್ಚು ಹಣ ಕೊಡುವುದಕ್ಕೆ ಇದೇ ಸರಿಯಾದ ಕಾರಣ. ಮೇಲಿನ ಗೇರು 1 ಆಗಿದ್ದಾಗ ಶಕ್ತಿ ಹಲ್ಲುಗಳ ಮೂಲಕ ಹೋಗದೆ ಶಾಫ್ಟಿನಿಂದ ಶಾಫ್ಟಿಗೆ ನೇರ ಹೋಗುವುದರಿಂದ ಬಿಸಿಯೂ ಸವೆತವೂ ತುಸು ಕಡಿಮೆ.

ತೋಟದಿಂದ ಕೋಲಾರದ ಎಪಿಎಂಸಿಗೆ, ಅಲ್ಲಿಂದ ವಾಪಸು ಊರಿಗೆ ಎಂದು ಹತ್ತಾರು ಕಿಲೋಮೀಟರಿನೊಳಗೇ ಓಡುವ ಲಾರಿಗೆ ಈ ಯಾವ ಲೆಕ್ಕವೂ ಅಷ್ಟಾಗಿ ಬೇಡ. ಅಂಥವರಿಗೆ ಸರಳವಾದ ಆರು ಗೇರಿನ ಬಾಕ್ಸ್ ಮತ್ತು ದೊಡ್ಡ ಅಂಕಿಯ ಅನುಪಾತದ ಹೌಸಿಂಗ್ ಸಾಕು, ಖರ್ಚೂ ಕಡಿಮೆ.

ಐದನೆಯ ಹೆಜ್ಜೆ: ನಡುವಿನ ಅಂತರ ಮತ್ತು ಘಾಟಿ

ಒಂದನೆಯ ಮತ್ತು ಕೊನೆಯ ಗೇರಿನ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂಬುದರಿಂದ ಏರಿನಲ್ಲಿ ಗೇರು ಬದಲಿಸುವಾಗಿನ ಸುಖಕಷ್ಟ ತೀರ್ಮಾನವಾಗುತ್ತದೆ. 7ರಿಂದ 0.75ರವರೆಗೆ ಆರೇ ಗೇರಿದ್ದರೆ ಪ್ರತಿ ಬದಲಾವಣೆಯಲ್ಲಿ 2000 ಆರ್‌ಪಿಎಂ ಸುಮಾರು 1280ಕ್ಕೆ ಬೀಳುತ್ತದೆ. ಹೆಚ್ಚು ಗೇರುಗಳಿದ್ದು ಮೆಟ್ಟಿಲು ಸಣ್ಣದಾದರೆ ಅದು 1400ರ ಮೇಲೇ ನಿಲ್ಲುತ್ತದೆ. ಈಗಿನ ಬಿಎಸ್-6 (ಹೊಗೆ ಮಿತಿಯ ಮಾನದಂಡ) ಎಂಜಿನ್ನುಗಳ ಒಳ್ಳೆಯ ಟಾರ್ಕ್ ಸಾಮಾನ್ಯವಾಗಿ 1200ರಿಂದ 1600ರ ನಡುವೆ ಇರುವುದರಿಂದ ದೊಡ್ಡ ಮೆಟ್ಟಿಲನ್ನೂ ಒಂದು ಮಟ್ಟಿಗೆ ತಾಳಿಕೊಳ್ಳುತ್ತವೆ. ಹಳೆಯ ಎಂಜಿನ್ನಿಗೆ ಆ ಸಹನೆ ಇಲ್ಲ.

ನಮ್ಮ ಜಿಲ್ಲೆಯ ಸಾಗಾಟದಲ್ಲಿ ಒಂದು ವಿಶೇಷವಿದೆ. ಕೋಲಾರ ಎತ್ತರದ ಬಯಲು. ಚಿತ್ತೂರು, ಚೆನ್ನೈ ತಗ್ಗಿನಲ್ಲಿವೆ. ಶ್ರೀನಿವಾಸಪುರದ ತೋತಾಪುರಿ ಮಾವನ್ನು ಚಿತ್ತೂರಿನ ತಿರುಳಿನ ಕಾರ್ಖಾನೆಗೆ ಒಯ್ಯುವ ಲಾರಿಯಾಗಲಿ, ಆ ದಾರಿಯಲ್ಲಿ ಚೆನ್ನೈಗೆ ಹೊರಟ ಟೊಮೆಟೊ ಲಾರಿಯಾಗಲಿ, ಪಲಮನೇರು ದಾಟಿ ಮೊಗಿಲಿ ಘಾಟಿನಲ್ಲಿ ತುಂಬಿದ ತೂಕದೊಂದಿಗೆ ಇಳಿಯುತ್ತದೆ, ಬಹಳಷ್ಟು ಸಲ ಖಾಲಿಯಾಗಿ ಹತ್ತುತ್ತದೆ. ಆದ್ದರಿಂದ ನಮಗೆ ನಡುವಿನ ಗೇರುಗಳು ಹತ್ತುವುದಕ್ಕಿಂತ ಇಳಿಯುವುದಕ್ಕೆ ಮುಖ್ಯ. ತುಂಬಿದ ಲಾರಿ ಯಾವ ಗೇರಿನಲ್ಲಿ ಆ ಘಾಟಿಯನ್ನು ಹತ್ತಬಹುದೋ ಅದೇ ಗೇರಿನಲ್ಲಿ, ಇನ್ನೂ ಜವಾಬ್ದಾರಿಯಿಂದ ನಡೆಸುವವರಾದರೆ ಅದಕ್ಕಿಂತ ಒಂದು ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹೊಗೆಯ ದಾರಿ ತಡೆದು ವೇಗ ಹಿಡಿದಿಡುವ ಎಕ್ಸಾಸ್ಟ್ ಬ್ರೇಕ್ ಹಾಕಿಕೊಂಡು ಇಳಿಯಬೇಕು. ಮೆಟ್ಟಿಲು ಸಣ್ಣದಿದ್ದರೆ ಈ ಗೇರು ನಿಖರವಾಗಿ ಸಿಗುತ್ತದೆ. ದೊಡ್ಡದಿದ್ದರೆ ಒಂದು ಗೇರಿನಲ್ಲಿ ಎಂಜಿನ್ ಮಿತಿಮೀರಿ ತಿರುಗುತ್ತದೆ, ಅದರ ಮೇಲಿನದರಲ್ಲಿ ಲಾರಿ ಓಡಿಹೋಗುತ್ತದೆ, ಉಳಿದ ಭಾರವೆಲ್ಲ ಬ್ರೇಕ್ ಲೈನಿಂಗಿನ ಮೇಲೆ ಬಿದ್ದು ಅದು ಕಾದು ಹಿಡಿತ ಬಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಯುವ ಚಾಳಿ ಇದ್ದರೆ ಯಾವ ಗೇರ್ ಬಾಕ್ಸೂ ನಿಮ್ಮನ್ನು ಕಾಯಲಾರದು. ಗೇರಿನಲ್ಲಿರುವ ಎಂಜಿನ್ನಿಗೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ; ನ್ಯೂಟ್ರಲ್‌ನಲ್ಲಿ ಅದು ಐಡಲಿಂಗಿಗಾಗಿ ಕುಡಿಯುತ್ತಲೇ ಇರುತ್ತದೆ.

ಆರನೆಯ ಹೆಜ್ಜೆ: ಬಾಕ್ಸಿನ ಬಗೆ, ಕ್ಲಚ್, ಪಿಟಿಒ

ಸಿಂಕ್ರೋಮೆಶ್ ಬಾಕ್ಸಿನಲ್ಲಿ ಹಿತ್ತಾಳೆ ಅಥವಾ ಬೇರೆ ಮಿಶ್ರಲೋಹದ ರಿಂಗುಗಳು ಎರಡು ಗೇರುಗಳ ವೇಗವನ್ನು ಸಮ ಮಾಡಿ ಕೂಡಿಸುತ್ತವೆ. ಹೊಸ ಡ್ರೈವರಿಗೂ ಸುಲಭ. ಕಾನ್ಸ್ಟೆಂಟ್ ಮೆಶ್ ಬಾಕ್ಸಿಗೆ ಆ ರಿಂಗುಗಳಿಲ್ಲ. ಡಬಲ್ ಕ್ಲಚ್ ಹಾಕಿ, ಅಂದರೆ ಪ್ರತಿ ಬದಲಾವಣೆಗೂ ಎರಡು ಸಲ ಕ್ಲಚ್ ಒತ್ತಿ, ಕಿವಿಯಿಂದ ವೇಗ ಗುರುತಿಸುವ ಅನುಭವಿ ಕೈ ಬೇಕು. ಪ್ರತಿ ಹಂಗಾಮಿಗೂ ಡ್ರೈವರ್ ಬದಲಾಗುವ ಕಡೆ ಸಿಂಕ್ರೋಮೆಶ್ ಬಿಟ್ಟು ಬೇರೆಯದನ್ನು ನಾನು ಹೇಳಲಾರೆ. ಕ್ಲಚ್ ಪ್ಲೇಟಿನ ವ್ಯಾಸವನ್ನೂ ಕೇಳಿ. 330, 352, 380, 395 ಮಿ.ಮೀ. ಹೀಗೆ ಬರುತ್ತವೆ. ಒಂದೇ ಎಂಜಿನ್ನಿಗೆ ಎರಡು ಅಳತೆಯ ಆಯ್ಕೆಯಿದ್ದರೆ ಹೊಲಕ್ಕೆ ಇಳಿಯುವ ಲಾರಿಗೆ ದೊಡ್ಡದನ್ನೇ ಪಡೆಯಿರಿ, ಬಿಸಿಯನ್ನು ಹರಡಿಕೊಳ್ಳಲು ಅದಕ್ಕೆ ಜಾಗ ಹೆಚ್ಚು. ಟಿಪ್ಪರ್ ತೊಟ್ಟಿ ಅಥವಾ ನೀರಿನ ಟ್ಯಾಂಕರ್ ಕಟ್ಟಿಸುವ ಉದ್ದೇಶವಿದ್ದರೆ ಬಾಕ್ಸಿನ ಮೇಲೆ ಪಿಟಿಒ (ತೊಟ್ಟಿ ಎತ್ತುವ ಅಥವಾ ನೀರಿನ ಪಂಪಿಗೆ ಎಂಜಿನ್ನಿನ ಶಕ್ತಿ ಕೊಡುವ ಭಾಗ) ಕೂರಿಸುವ ಕಿಂಡಿ ಇರಲೇಬೇಕು. ಆಮೇಲೆ ಸೇರಿಸುತ್ತೇವೆಂದರೆ ಆಗದು.

ಹೆಚ್ಚಿನ ಟಾರ್ಕಿನ ಎಂಜಿನ್ನಿಗೆ ಕಡಿಮೆ ಸಾಮರ್ಥ್ಯದ ಬಾಕ್ಸ್ ಜೋಡಿಸಿದ ಹಳೆಯ ಲಾರಿಗಳೂ ಮಾರಾಟಕ್ಕೆ ಬರುತ್ತವೆ. ಬಾಕ್ಸಿಗೆ ಅಂಟಿಸಿದ ಫಲಕದ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಅದು ಆ ಲಾರಿಯ ಮೂಲ ಮಾದರಿಗೆ ಬಂದದ್ದೇ ಎಂದು ಡೀಲರಿನಲ್ಲಿ ತಾಳೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಮನಸ್ಸಿಗೆ ಬಂದ ಬಾಕ್ಸ್ ತಂದು ಕೂರಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಬಿಡಿಭಾಗದ ಮಾತು ಚಿಕ್ಕದು. ಮಾವಿನ ಹಂಗಾಮಿನ ನಡುವೆ ಬಾಕ್ಸ್ ಬಿಚ್ಚಿದರೆ ಕೋಲಾರದಲ್ಲೇ ಕಿಟ್ ಸಿಗಬೇಕು, ಇಲ್ಲವೇ ಬೆಳಿಗ್ಗೆ ಹೋಗಿ ಸಂಜೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರುವಂತಿರಬೇಕು. ನಿಮ್ಮೂರಿನ ಫಿಟ್ಟರ್ ಈವರೆಗೆ ಬಿಚ್ಚಿ ನೋಡದ ಬಾಕ್ಸನ್ನು, ಅದು ಎಷ್ಟೇ ಉತ್ತಮವಾಗಿದ್ದರೂ, ಒಂಟಿ ಲಾರಿಯ ಮಾಲೀಕರು ಕೊಳ್ಳುವುದು ಬೇಡ.

ಏಳನೆಯ ಹೆಜ್ಜೆ: ಹಳೆಯ ಲಾರಿಯಾದರೆ ಪರೀಕ್ಷೆ

ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಕೇಳಿ. ಗರಗರ ಸದ್ದಿದ್ದು ಕ್ಲಚ್ ಪೂರ್ತಿ ಒತ್ತಿದಾಗ ನಿಂತರೆ ಕ್ಲಚ್ಚಿನಿಂದ ಬಾಕ್ಸಿನೊಳಗೆ ಬರುವ ಇನ್‌ಪುಟ್ ಶಾಫ್ಟಿನ ಅಥವಾ ಅದರ ಜೊತೆ ತಿರುಗುವ ಪಕ್ಕದ ಲೇ ಶಾಫ್ಟಿನ ಬೇರಿಂಗ್ ಸವೆದಿದೆ. ಒತ್ತಿದಾಗಲೇ ಸದ್ದು ಶುರುವಾದರೆ ಅದು ರಿಲೀಸ್ ಬೇರಿಂಗಿನದು, ಖರ್ಚು ಕಡಿಮೆ. ಆಮೇಲೆ ಲಾರಿಯನ್ನು ಓಡಿಸಿ, ಪ್ರತಿ ಗೇರಿನಲ್ಲೂ ಆಕ್ಸಿಲರೇಟರ್ ಪೂರ್ತಿ ಒತ್ತಿ ಥಟ್ಟನೆ ಬಿಡಿ. ಗೇರ್ ಕಡ್ಡಿ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಆ ಗೇರಿನ ಹಲ್ಲು, ಫೋರ್ಕ್ ಇಲ್ಲವೇ ಬೇರಿಂಗ್ ಸವೆದಿದೆ ಎಂದರ್ಥ. ಇಳಿಜಾರಿನಲ್ಲಿ ಹೀಗಾದರೆ ಏನಾಗುತ್ತದೆಂದು ಯೋಚಿಸಿ. ಅಂಥ ಲಾರಿಯನ್ನು ಬಾಕ್ಸ್ ಬಿಚ್ಚಿಸಿ ಸರಿಮಾಡಿಸುವ ಮುನ್ನ ರಸ್ತೆಗಿಳಿಸಲೇಬಾರದು.

ಮುಖ್ಯವಾದದ್ದು ಆಯಿಲ್. ಲಾರಿ ಓಡಿ ಬಂದು ಬಿಸಿಯಿರುವಾಗಲೇ ಡ್ರೈನ್ ಪ್ಲಗ್ ಬಿಚ್ಚಿಸಿ, ಅದರ ಅಯಸ್ಕಾಂತವನ್ನು ಬಿಸಿಲಿಗೆ ಹಿಡಿದು ನೋಡಿ. ಕಾಡಿಗೆಯಂತೆ ಬೆರಳಿಗೆ ನುಣ್ಣಗೆ ಹತ್ತುವ ಕಪ್ಪು ಲೇಪವಿದ್ದರೆ ಸಹಜ ಸವೆತ. ಉಗುರಿಗೆ ಸಿಗುವ ಚೂರು, ಸೂಜಿಯಂಥ ಸೀಳು ಇದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಹತ್ತುವುದಿಲ್ಲವಾದ್ದರಿಂದ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಓರೆ ಮಾಡಬೇಕು; ಹಳದಿ ಮಿನುಗು ತೇಲಿದರೆ ಸಿಂಕ್ರೋನೈಸರ್ ರಿಂಗ್ ಕರಗುತ್ತಿದೆ. ಆಯಿಲ್ ಹಾಲು ಬೆರೆಸಿದಂತೆ ಬಿಳುಚಿದ್ದರೆ ಕೆರೆ, ಹಳ್ಳ ದಾಟಿದಾಗ ಬ್ರೀದರಿನಿಂದ (ಬಾಕ್ಸಿನ ಗಾಳಿ ಕಿಂಡಿ) ನೀರು ಒಳಹೊಕ್ಕಿದೆ.

ಮರಳಿ ಹಾಕುವಾಗ ತಯಾರಕರ ಪುಸ್ತಕದಲ್ಲಿ ಬರೆದ ದರ್ಜೆಯದನ್ನೇ ಹಾಕಿಸಿ. ಜಿಎಲ್-4 ಎಂದು ಹೇಳಿದ ಬಾಕ್ಸಿಗೆ ಹೌಸಿಂಗಿಗೆಂದು ತಂದ ಜಿಎಲ್-5 ಆಯಿಲ್ ಸುರಿಯುವ ರೂಢಿ ಗ್ಯಾರೇಜುಗಳಲ್ಲಿದೆ. ಅದರಲ್ಲಿ ಹೆಚ್ಚಿಗೆ ಇರುವ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಲ್ಲದು. ಲಾರಿ ಕೆಟ್ಟು ನಿಂತು ಎಳೆಸಿಕೊಂಡು ಹೋಗಬೇಕಾದಾಗ ಪ್ರೊಪೆಲ್ಲರ್ ಶಾಫ್ಟನ್ನು ಹೌಸಿಂಗಿನ ಕಡೆ ಬಿಚ್ಚಿ ಮೇಲೆ ಕಟ್ಟಿಸಿ. ಎಂಜಿನ್ ನಿಂತಿರುವಾಗ ಬಾಕ್ಸಿನೊಳಗೆ ಆಯಿಲನ್ನು ಎರಚುವ ಲೇ ಶಾಫ್ಟೂ ನಿಂತಿರುತ್ತದೆ, ಔಟ್‌ಪುಟ್ ಶಾಫ್ಟ್ ಮಾತ್ರ ಒಣಗಿ ತಿರುಗುತ್ತದೆ. ಮುಳಬಾಗಿಲಿನಿಂದ ಕೋಲಾರದವರೆಗೆ ಹಾಗೆ ಎಳೆದು ತಂದರೆ, ಬೇರೇನೋ ಕೆಟ್ಟಿದ್ದ ಲಾರಿಗೆ ಗೇರ್ ಬಾಕ್ಸಿನ ಬೇರಿಂಗುಗಳ ಖರ್ಚೂ ಸೇರಿಕೊಳ್ಳುತ್ತದೆ.